ಪ್ರತಿ ಮಾಡುವವನ ಧರ್ಮ

ಓಲೆಗರಿಯ ಕಟ್ಟನ್ನು ಮುಟ್ಟುವುದಕ್ಕೆ ಮೊದಲು ಕೈ ತೊಳೆದುಕೊಂಡು ಬರಬೇಕೆಂಬುದು ನಮ್ಮ ಮೇಷ್ಟ್ರ ಮೊದಲನೆಯ ಅಪ್ಪಣೆ. ಎರಡನೆಯದು ಅದಕ್ಕಿಂತ ಕಠಿನವಾದದ್ದು. "ಅರ್ಥವಾಗಲಿಲ್ಲ ಅಂದ ತಕ್ಷಣ ಲಿಪಿಕಾರನ ತಪ್ಪು ಅಂತ ತೀರ್ಮಾನ ಮಾಡ್ಬೇಡ್ರಯ್ಯ. ಇದ್ದದ್ದು ಇದ್ದ ಹಾಗೆ ಮೊದಲು ಪ್ರತಿ ಮಾಡ್ಕೊಳ್ಳಿ. ತಿದ್ದೋ ಉಮೇದೆಲ್ಲ ಆ ಪ್ರತಿಯ ಮೇಲಿರ್ಲಿ, ಮೂಲದ ಮೇಲೆ ಬೇಡ" ಎನ್ನುತ್ತಿದ್ದರು. ಎಂ.ಎ. ಮುಗಿಸಿ ನಾನೂ ಅಧ್ಯಾಪಕನಾದ ಮೇಲೆ ಇದೇ ಮಾತನ್ನು ಇಪ್ಪತ್ತು ವರ್ಷಗಳಿಂದ ತರಗತಿಗಳಲ್ಲಿ ಹೇಳುತ್ತ ಬಂದಿದ್ದೇನೆ. ಮಾತು ಬಾಯಿಪಾಠವಾದಷ್ಟೂ ಕೈಗೆ ದೂರವಾಗುತ್ತದೆ ಎಂಬುದು ಮಾತ್ರ ನನಗೆ ತಿಳಿದದ್ದು ಈಚೆಗೆ.

ಮೇಷ್ಟ್ರು ತಮ್ಮ ಜೀವಮಾನದಲ್ಲಿ ಒಂದು ಕೆಲಸ ಹಿಡಿದಿದ್ದರು. ತಿಪಟೂರು, ಅರಸೀಕೆರೆಗಳ ಸುತ್ತಣ ಹಳ್ಳಿಗಳಲ್ಲಿ ಬೇಸಾಯಗಾರರ, ಕುಂಬಾರರ, ಕಮ್ಮಾರರ ಬಾಯಲ್ಲಿ ಮಾತ್ರ ಉಳಿದಿದ್ದ ಮಾತುಗಳನ್ನು ಕೇಳಿ, ಒಂದೊಂದನ್ನೂ ಒಂದೊಂದು ಚೀಟಿಯ ಮೇಲೆ ಬರೆದಿಡುವುದು. ಮಾತು, ಅದರ ಅರ್ಥ, ಹೇಳಿದವರ ಊರು, ಅವರ ವಯಸ್ಸು, ಇಷ್ಟು. ಮೂವತ್ತು ವರ್ಷಗಳಲ್ಲಿ ಚೀಟಿಗಳು ಒಂಬತ್ತು ಸಾವಿರಕ್ಕೆ ಮೀರಿದ್ದವು. ನಿವೃತ್ತರಾದ ಮೇಲೆ ಮೊಮ್ಮಗನಿಂದ ಕಂಪ್ಯೂಟರ್ ಕಲಿತು, ಎರಡು ಬೆರಳಿನಲ್ಲಿ ಕುಟ್ಟಿ ಕುಟ್ಟಿ, ಎಲ್ಲವನ್ನೂ ಅದರೊಳಗೆ ಸೇರಿಸಿದರು. ಚೀಟಿಗಳ ಪೆಟ್ಟಿಗೆ ಅಟ್ಟ ಸೇರಿತು. ಅಲ್ಲಿಂದ ಗೆದ್ದಲಿನ ಹೊಟ್ಟೆ ಸೇರಿತು. ಮೇಷ್ಟ್ರು 2014ರಲ್ಲಿ ತೀರಿಕೊಂಡರು. ವೈಕುಂಠ ಸಮಾರಾಧನೆ ಮುಗಿದ ಮಧ್ಯಾಹ್ನ ಅವರ ಮನೆಯ ಅಮ್ಮ ನನ್ನ ಕೈಗೆ ಒಂದು ಹಾರ್ಡ್ ಡಿಸ್ಕನ್ನೂ ಒಂದು ಪೆನ್ ಡ್ರೈವನ್ನೂ ಕೊಟ್ಟು, "ನಮ್ಮ ಮನೇಲಿ ಇದರ ಬೆಲೆ ಗೊತ್ತಿರೋರು ಯಾರೂ ಇಲ್ಲ ಕಣಪ್ಪ. ನೀನೇ ಇಟ್ಕೊ" ಎಂದರು. ನಾನು ಎರಡು ಕೈಯಲ್ಲೂ ತೆಗೆದುಕೊಂಡೆ. ಮನೆಗೆ ಬಂದು ಬೀರುವಿನಲ್ಲಿಟ್ಟೆ. ಇಟ್ಟು ಒಂಬತ್ತು ವರ್ಷ ತೆರೆಯಲಿಲ್ಲ.

2023ರಲ್ಲಿ ಒಬ್ಬ ಪ್ರಕಾಶಕರು ಆ ಕೋಶವನ್ನು ಅಚ್ಚು ಹಾಕುವ ಮನಸ್ಸು ಮಾಡಿದಾಗ ನನಗೆ ಬೀರುವಿನ ನೆನಪಾಯಿತು. ಡಿಸ್ಕನ್ನು ನನ್ನ ಹೊಸ ಕಂಪ್ಯೂಟರಿಗೆ ಜೋಡಿಸಿ ಮೊದಲನೆಯ ಕಡತವನ್ನು ತೆರೆದೆ. ತೆರೆದರೆ, ಅಲ್ಲಿ ಕನ್ನಡದ ಒಂದು ಅಕ್ಷರವೂ ಇಲ್ಲ. ರೋಮನ್ ಅಕ್ಷರಗಳು, ಅವುಗಳ ತಲೆಯ ಮೇಲೆ ಚುಕ್ಕಿ ಗೆರೆ ಕೊಂಬುಗಳು. ಭೂತ ಹಿಡಿದವನ ಬಡಬಡಿಕೆಯಂತೆ ಪುಟ ಪುಟ. ನನ್ನ ಎದೆ ಧಸಕ್ಕೆಂದಿತು. ಇನ್ನೊಂದು ಕಡತವನ್ನು ತೆರೆಯಹೋದೆ. ಅದು ತೆರೆಯಲೇ ಇಲ್ಲ. ಅಷ್ಟರಲ್ಲಿ ಯಂತ್ರವೇ ಒಂದು ಪ್ರಶ್ನೆ ಕೇಳಿತು: ಈ ಡಿಸ್ಕಿನಲ್ಲಿ ದೋಷವಿದೆ, ಸರಿಪಡಿಸಲೆ? ಕೇಳಿದ್ದು ಒಳ್ಳೆಯ ಮಾತೇ ಅಲ್ಲವೆ? ಕೆಟ್ಟದ್ದನ್ನು ಸರಿಪಡಿಸುವೆನೆಂದರೆ ಯಾರು ಬೇಡವೆಂದಾರು? ನಾನು 'ಆಗಲಿ' ಎಂಬ ಗುಂಡಿಯನ್ನು ಒತ್ತಿದೆ. ಯಂತ್ರ ಬಹಳ ಹೊತ್ತು ಗುರುಗುಟ್ಟಿ, ಕೆಲಸ ಮುಗಿಯಿತೆಂದಿತು. ತೆರೆದು ನೋಡಿದರೆ, ತೆರೆಯದೆ ಇದ್ದ ಕಡತಗಳು ಈಗ ಕಾಣಿಸುತ್ತಲೇ ಇರಲಿಲ್ಲ. ಅವುಗಳ ಬದಲು ಹೆಸರಿಲ್ಲದ, ಬರಿಯ ಅಂಕಿ ಹೊತ್ತ ಚೂರುಗಳು ಒಂದು ಮೂಲೆಯಲ್ಲಿ ರಾಶಿ ಬಿದ್ದಿದ್ದವು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನಮ್ಮ ಊರಿನಲ್ಲೇ ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟಿದ್ದಾನೆ. ಕನ್ನಡ ಐಚ್ಛಿಕದಲ್ಲಿ ಕಷ್ಟಪಟ್ಟು ಪಾಸಾದವನು. ಎಲ್ಲವನ್ನೂ ಎತ್ತಿಕೊಂಡು ಅವನಲ್ಲಿಗೆ ಓಡಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಸಾರ್, ಮೊದಲು ಕಾಪಿ ಮಾಡ್ಕೊಂಡ್ರಾ?" ನಾನು ಸುಮ್ಮನಿದ್ದೆ. "ನೀವೇ ಅಲ್ವಾ ಸಾರ್ ಕ್ಲಾಸಲ್ಲಿ ಹೇಳ್ತಿದ್ದಿದ್ದು, ಮೂಲಾನ ಮುಟ್ಬಾರ್ದು ಅಂತ?" ಎಂದ. ಅದು ಕುಹಕವಾಗಿರಲಿಲ್ಲ, ಅವನಿಗೆ ನಿಜವಾಗಿ ಆಶ್ಚರ್ಯವಾಗಿತ್ತು.

ಅವನ ಅಂಗಡಿಯ ಬೆಂಚಿನ ಮೇಲೆ ಕುಳಿತು ನಾನು ಕಲಿತದ್ದನ್ನು ಓದುಗರ ಮುಂದಿಡುವುದು ಪ್ರಯೋಜನಕರ. ಏಕೆಂದರೆ ಇಂದು ಮದುವೆಯ ಚಿತ್ರ, ತೀರಿಕೊಂಡ ತಂದೆಯ ದನಿ, ಮನೆಯ ಪತ್ರ, ಮಗಳ ಪ್ರಬಂಧ ಇವೆಲ್ಲ ಇಂಥ ಡಬ್ಬಿಗಳಲ್ಲೇ ಇರುವುದು. ಕಡತ 'ಕೆಟ್ಟಿದೆ' ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವ ಮಾತಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಅಡಗಿವೆ.

ಮೊದಲನೆಯದು, ಕಡತ ಕೆಟ್ಟಿಲ್ಲ, ನೋಡುವ ಕಣ್ಣು ಸರಿಯಿಲ್ಲ. ಮೇಷ್ಟ್ರು ಬರೆದದ್ದು ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ. ಆ ಕಾಲದ ವ್ಯವಸ್ಥೆಯಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ರೋಮನ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಬಾಡಿಗೆಗೆ ಕೂರಿಸುತ್ತಿದ್ದರು. ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಮನೆಗಳು 1991ರಲ್ಲೇ ದೊರೆತಿದ್ದರೂ, ನಮ್ಮ ಕಛೇರಿಗಳೂ ಅಚ್ಚುಕೂಟಗಳೂ ಬಹುಕಾಲ ಬಾಡಿಗೆಯ ಮನೆಗಳಲ್ಲೇ ಇದ್ದವು. ಹಳೆಯ ಅಕ್ಷರಮಾಲೆ ಇಲ್ಲದ ಯಂತ್ರ ಬಾಡಿಗೆದಾರನನ್ನು ಗುರುತಿಸದೆ ಮನೆಯ ಯಜಮಾನನನ್ನೇ ತೋರಿಸುತ್ತದೆ. ನನ್ನ ಶಿಷ್ಯ ಪರಿವರ್ತಕವೊಂದನ್ನು ಓಡಿಸಿದ. ಐದು ನಿಮಿಷದಲ್ಲಿ ಆ ಬಡಬಡಿಕೆಯೆಲ್ಲ ಸ್ಫುಟವಾದ ಕನ್ನಡವಾಗಿ ನಿಂತಿತು. ಹಗ್ಗವನ್ನು ಹಾವೆಂದು ಕಂಡು ಕೋಲೆತ್ತಿದವನ ಸ್ಥಿತಿ ನನ್ನದು. ಹೊಡೆದಿದ್ದರೆ ಹಾವು ಸಾಯುತ್ತಿರಲಿಲ್ಲ, ಹಗ್ಗ ಮಾತ್ರ ಹರಿಯುತ್ತಿತ್ತು.

ಎರಡನೆಯದು, ಬರಹ ಸರಿಯಾಗಿದೆ, ಅದನ್ನು ಸಾಗಿಸಿದ ಬಗೆ ಸರಿಯಾಗಲಿಲ್ಲ. ಪೆನ್ ಡ್ರೈವಿನಲ್ಲಿ ಎಲ್ಲ ಕಡತಗಳನ್ನೂ ಒಟ್ಟಿಗೆ ಕಟ್ಟಿದ ಜಿಪ್ ಗಂಟೊಂದಿತ್ತು. ನಕಲಾಗುತ್ತಿರುವಾಗಲೇ ಯಾರೋ ಅದನ್ನು ಕಿತ್ತಿದ್ದರು. ಜಿಪ್ ಗಂಟಿನಲ್ಲಿ ಒಳಗೇನಿದೆ ಎಂಬ ಪಟ್ಟಿ ಇರುವುದು ಕಟ್ಟಕಡೆಗೆ. ಕಡೆಯ ತುದಿ ಬಾರದಿದ್ದರೆ ತೆರೆಯುವ ತಂತ್ರಾಂಶ ಪಟ್ಟಿಯನ್ನು ಹುಡುಕಿ, ಕಾಣದೆ, ಇಡೀ ಗಂಟು ಕೆಟ್ಟಿದೆಯೆಂದು ಕೈಚೆಲ್ಲುತ್ತದೆ. ಆದರೆ ಕಡಿದುಹೋದ ಜಾಗದವರೆಗಿನ ಕಡತಗಳು ಒಳಗೆ ಸುರಕ್ಷಿತವಾಗಿಯೇ ಇರುತ್ತವೆ. ಪ್ರತಿಯೊಂದರ ತಲೆಯ ಮೇಲೂ ಅದರದೇ ಹೆಸರಿನ ಚೀಟಿ ಇರುತ್ತದೆ. ಆ ಚೀಟಿಗಳನ್ನು ಹಿಡಿದು ಹುಡುಗ ಅಕಾರದಿಂದ ಬಕಾರದವರೆಗಿನದನ್ನು ಬಿಡಿಸಿ ಕೊಟ್ಟ.

ಮೂರನೆಯದು ನಿಜವಾದ ಕೇಡು. ಮಕಾರದಿಂದ ಮುಂದಿನದಕ್ಕೆ ಆ ಡಿಸ್ಕೇ ಗತಿಯಾಗಿತ್ತು, ಡಿಸ್ಕಿಗೋ ವಯಸ್ಸಾಗಿತ್ತು. ಇಲ್ಲಿ ಅವನು ಮಾಡಿದ ಕೆಲಸವನ್ನು ನೋಡಿ ನನಗೆ ಗೌರವ ಹುಟ್ಟಿತು. ಡಿಡಿರೆಸ್ಕ್ಯೂ ಎಂಬ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ತಂತ್ರಾಂಶವೊಂದಿದೆ. ಅದು ಮೂಲದ ಮೇಲೆ ಏನನ್ನೂ ಬರೆಯುವುದಿಲ್ಲ. ಓದುತ್ತದೆ, ಬೇರೊಂದು ಒಳ್ಳೆಯ ಡಿಸ್ಕಿನ ಮೇಲೆ ಬರೆಯುತ್ತದೆ. ಓದುವುದರಲ್ಲೂ ಒಂದು ವಿವೇಕವಿದೆ. ಸುಲಭವಾಗಿ ಸಿಕ್ಕುವುದನ್ನೆಲ್ಲ ಮೊದಲು ಎತ್ತಿಕೊಂಡುಬಿಡುತ್ತದೆ. ಎಡವಿದ ಜಾಗದಲ್ಲಿ ಹಟ ಹಿಡಿದು ನಿಲ್ಲದೆ ದಾಟಿ ಹೋಗುತ್ತದೆ. ಉಳಿದದ್ದೆಲ್ಲ ಕೈಸೇರಿದ ಮೇಲೆ ಆ ಜಾಗಗಳಿಗೆ ಮರಳಿ ಬಂದು ಸ್ವಲ್ಪಸ್ವಲ್ಪವೇ ಪ್ರಯತ್ನಿಸುತ್ತದೆ. ಸಾಯುತ್ತಿರುವ ಡಿಸ್ಕಿನಲ್ಲಿ ಪ್ರತಿಯೊಂದು ಓದೂ ಕಡೆಯ ಓದಾಗಬಹುದಾದ್ದರಿಂದ ಈ ಕ್ರಮ. ಕೊನೆಗೆ, ಎಲ್ಲೆಲ್ಲಿ ಓದಲಾಗಲಿಲ್ಲ ಎಂಬುದರ ನಕ್ಷೆಯನ್ನು ಬೇರೆ ಕಡತದಲ್ಲಿ ಬರೆದಿಡುತ್ತದೆ. ಓದಲಾಗದ ಜಾಗವನ್ನು ಪ್ರತಿಯಲ್ಲಿ ತನ್ನ ಊಹೆಯಿಂದ ತುಂಬುವುದಿಲ್ಲ.

ನಾನು ಒತ್ತಿದ ಗುಂಡಿ ಇದಕ್ಕೆ ತದ್ವಿರುದ್ಧ. ಯಂತ್ರದ ಭಾಷೆಯಲ್ಲಿ ಡಿಸ್ಕನ್ನು 'ಸರಿಪಡಿಸುವುದು' ಎಂದರೆ ಅದರ ಲೆಕ್ಕದ ಪುಸ್ತಕ ಒಂದಕ್ಕೊಂದು ಹೊಂದುವಂತೆ ಮಾಡುವುದು. ಅದು ನಮ್ಮ ಬರಹವನ್ನು ಉಳಿಸುವ ಕೆಲಸವಲ್ಲ. ಲೆಕ್ಕ ಹೊಂದದ ಕಡತವನ್ನು ಕತ್ತರಿಸಿ ಮೂಲೆಗೆ ಹಾಕಿದರೆ ಲೆಕ್ಕ ಹೊಂದಿಬಿಡುತ್ತದೆ, ಯಂತ್ರಕ್ಕೆ ಸಮಾಧಾನ. ಒಳಗೊಳಗೆ ಹೊಂದಿಕೊಂಡಿರುವುದೇ ಸತ್ಯವೆಂದು ತಿಳಿಯುವ ಈ ಭ್ರಾಂತಿ ಯಂತ್ರಕ್ಕೆ ಮಾತ್ರ ಮೀಸಲಾದದ್ದಲ್ಲ. ಹಳೆಯ ಕಾವ್ಯಗಳನ್ನು ಪ್ರತಿ ಮಾಡಿದ ಲಿಪಿಕಾರರಲ್ಲಿ ಹೆಚ್ಚು ಹಾನಿ ಮಾಡಿದವರು ದಡ್ಡರಲ್ಲ. ದಡ್ಡ ತನಗೆ ತಿಳಿಯದ್ದನ್ನು ಚಿತ್ರ ಬರೆದಂತೆ ಬರೆದಿಡುತ್ತಾನೆ. ಅದರಿಂದ ಮೂಲವನ್ನು ಊಹಿಸಬಹುದು. ಅರೆತಿಳಿದ ಜಾಣ ಅಪರೂಪದ ಮಾತನ್ನು ತೆಗೆದು ಬಳಕೆಯ ಮಾತನ್ನು ಹಾಕುತ್ತಾನೆ. ಸಾಲು ನಯವಾಗುತ್ತದೆ, ಮೂಲ ಅಳಿದೇಹೋಗುತ್ತದೆ.

ಹಾಗಾದರೆ ತಿದ್ದುವುದೇ ತಪ್ಪೆ? ಅಲ್ಲ. ಇಲ್ಲಿ ಒಂದು ವಿವೇಚನೆ ಬೇಕು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ರಿಚರ್ಡ್ ಹ್ಯಾಮಿಂಗ್ ಎಂಬ ಗಣಿತಜ್ಞ ವಾರದ ಕೊನೆಯಲ್ಲಿ ತನ್ನ ಲೆಕ್ಕಗಳನ್ನು ಯಂತ್ರಕ್ಕೆ ಒಪ್ಪಿಸಿ ಹೋಗುತ್ತಿದ್ದನಂತೆ. ಯಂತ್ರ ತಪ್ಪು ಕಂಡ ಕೂಡಲೆ ಆ ಲೆಕ್ಕವನ್ನು ಕೈಬಿಡುತ್ತಿತ್ತು. ತಪ್ಪಿದೆಯೆಂದು ತಿಳಿಯಬಲ್ಲ ಯಂತ್ರಕ್ಕೆ ತಪ್ಪು ಎಲ್ಲಿದೆಯೆಂದೇಕೆ ತಿಳಿಯಬಾರದು ಎಂದು ಅವನು ಯೋಚಿಸಿದ. 1950ರಲ್ಲಿ ಅವನು ಪ್ರಕಟಿಸಿದ ಲೇಖನದಿಂದ ತಪ್ಪನ್ನು ತಾನೇ ತಿದ್ದಿಕೊಳ್ಳುವ ಸಂಕೇತಗಳ ಶಾಸ್ತ್ರ ಬೆಳೆಯಿತು. ಬರಹದ ಜೊತೆಗೆ ಕೆಲವು ಹೆಚ್ಚಿನ ಅಂಕಿಗಳನ್ನು ಮೊದಲೇ ಸೇರಿಸಿಟ್ಟರೆ, ಮುಂದೆ ಒಂದು ಅಂಕಿ ಕೆಟ್ಟಾಗ ಉಳಿದವು ಸಾಕ್ಷಿ ಹೇಳುತ್ತವೆ. 1960ರಲ್ಲಿ ರೀಡ್ ಮತ್ತು ಸಾಲೊಮನ್ ಎಂಬಿಬ್ಬರು ರೂಪಿಸಿದ ಸಂಕೇತದ ಬಲದಿಂದಲೇ ಗೀರು ಬಿದ್ದ ಸಿ.ಡಿ.ಯೂ ಹಾಡುತ್ತಿತ್ತು.

ಇದನ್ನು ಕೇಳಿದಾಗ ನನಗೆ ನಮ್ಮ ಕಂದಪದ್ಯದ ನೆನಪಾಯಿತು. ಹನ್ನೆರಡು, ಇಪ್ಪತ್ತು, ಹನ್ನೆರಡು, ಇಪ್ಪತ್ತು, ಒಟ್ಟು 64 ಮಾತ್ರೆ. ಒಂದು ಅಕ್ಷರ ಬಿದ್ದುಹೋದರೆ ಲೆಕ್ಕ ಕೂಗಿ ಹೇಳುತ್ತದೆ. ಪ್ರತಿ ಸಾಲಿನ ಎರಡನೆಯ ಅಕ್ಷರ ಪ್ರಾಸಕ್ಕೆ ಕಟ್ಟುಬಿದ್ದಿರುವುದರಿಂದ ಆ ಜಾಗದಲ್ಲಿ ಹುಳು ತಿಂದಿದ್ದರೂ ಅಲ್ಲಿದ್ದ ವ್ಯಂಜನ ಯಾವುದೆಂದು ಉಳಿದ ಮೂರು ಸಾಲುಗಳು ತಿಳಿಸುತ್ತವೆ. ಶಿಷ್ಯ ನಕ್ಕು, ಅವರಲ್ಲೂ ಕಡತದ ಮುದ್ರೆಯೆಂಬುದು ಒಂದಿದೆಯೆಂದ. ಎಷ್ಟೇ ದೊಡ್ಡ ಕಡತವಾಗಲಿ, ಅದನ್ನು ಅರೆದು ತೆಗೆದ ಸಾರ ಒಂದು ಸಾಲು; ಒಂದು ಅಲ್ಪವಿರಾಮ ಬದಲಾದರೂ ಆ ಸಾಲು ಗುರುತು ಸಿಗದಷ್ಟು ಬದಲಾಗುತ್ತದೆ. ಮೂಲದ ಮುದ್ರೆಯೂ ಪ್ರತಿಯ ಮುದ್ರೆಯೂ ತಾಳೆಯಾದರೆ ನಕಲು ಸರಿ. ಬಹಳ ಬಳಕೆಯಲ್ಲಿರುವ ಷಾ-256 ಎಂಬ ಮುದ್ರೆಯನ್ನು ವಾಡಿಕೆಯಂತೆ ಬರೆದರೆ ಅದರಲ್ಲಿಯೂ 64 ಅಕ್ಷರಗಳು! ಕಾಕತಾಳೀಯವಿರಬಹುದು, ಕನ್ನಡದ ಮೇಷ್ಟರಿಗೆ ಇಷ್ಟು ಸಂತೋಷ ಸಾಕು.

ಅಂದಮೇಲೆ ತಿದ್ದುಪಡಿಯಲ್ಲಿ ಎರಡು ಬಗೆ. ಒಂದು, ಬರಹ ತಾನೇ ಉಳಿಸಿಟ್ಟ ಸಾಕ್ಷ್ಯದಿಂದ ತಿದ್ದುವುದು. ಇನ್ನೊಂದು, ನಮ್ಮ ಜಾಣತನದಿಂದ ತಿದ್ದುವುದು. ಮೊದಲನೆಯದು ಮೂಲಕ್ಕೆ ಮರಳುವ ದಾರಿ. ಎರಡನೆಯದು ಮೂಲದ ಹೆಸರಿನಲ್ಲಿ ನಾವೇ ಮಾತಾಡುವ ದಾರಿ.

ಈ ಎರಡನೆಯ ದಾರಿಯ ಆಕರ್ಷಣೆ ಎಷ್ಟೆಂಬುದು ನನಗೆ ಮುಂದಿನ ವಾರ ತಿಳಿಯಿತು. ಶಿಷ್ಯನ ಪ್ರತಿಯನ್ನೂ ಆ ಹೆಸರಿಲ್ಲದ ಚೂರುಗಳನ್ನೂ ಜೋಡಿಸಿ ನೋಡಿದಾಗ ಮಕಾರದಲ್ಲಿ ನಲವತ್ತೊಂದು ನಮೂದುಗಳು ಮುರಿದಿದ್ದವು. ಮಾತು ಇದೆ, ಅರ್ಥವಿಲ್ಲ. ಅಥವಾ ಊರಿನ ಹೆಸರಿದೆ, ಮಾತಿಲ್ಲ. 'ಮಿಣಿ' ಎಂದಿದೆ, ಮುಂದೆ ಬಯಲು. 'ಮೇಟಿ' ಎಂದಿದೆ, ಮುಂದೆ ಬಯಲು. ಮೇಟಿಯೆಂದರೆ ಕಣದ ನಡುವೆ ನೆಡುವ ಕಂಬವೆಂದು ಹಳ್ಳಿಯಲ್ಲಿ ಬೆಳೆದ ನನಗೆ ಗೊತ್ತಿಲ್ಲವೆ? ನಲವತ್ತೊಂದರಲ್ಲಿ ಮೂವತ್ತನ್ನಾದರೂ ಒಂದು ರಾತ್ರಿಯಲ್ಲಿ ತುಂಬಬಲ್ಲೆ. ಮೇಷ್ಟ್ರ ಶೈಲಿಯೂ ನನಗೆ ಪರಿಚಿತ. ಓದುವವರಿಗೆ ಎಳ್ಳಷ್ಟೂ ತಿಳಿಯುವುದಿಲ್ಲ. ಕೋಶ ಪೂರ್ಣವಾಗುತ್ತದೆ, ನನ್ನ ತಪ್ಪೂ ಮುಚ್ಚಿಹೋಗುತ್ತದೆ.

ನಿಜವಾಗಿ ತಪ್ಪು ನನ್ನದೇ ಎಂಬುದೂ ಖಚಿತವಿಲ್ಲ. "ಡಿಸ್ಕೇ ಹೋಗಿತ್ತೋ, ನೀವು ಒತ್ತಿದ್ದರಿಂದ ಹೋಯ್ತೋ, ಈಗ ಹೇಳಕ್ಕಾಗಲ್ಲ ಸಾರ್" ಎಂದಿದ್ದ ಶಿಷ್ಯ. ಆ ಸಂದೇಹದಲ್ಲಿ ನನಗೆ ನೆರಳೂ ಇತ್ತು, ಮುಳ್ಳೂ ಇತ್ತು. ಹಳೆಯ ಧರ್ಮಶಾಸ್ತ್ರದಲ್ಲಿ ವ್ಯವಹಾರದ ಹದಿನೆಂಟು ವಿಷಯಗಳ ಪೈಕಿ ನಿಕ್ಷೇಪವೂ ಒಂದು; ಎಂದರೆ, ನಂಬಿ ಇಟ್ಟುಹೋದ ಗಂಟು. ಇಟ್ಟುಕೊಂಡವನ ಹೊಣೆ ಅದನ್ನು ಹೆಚ್ಚಿಸುವುದಲ್ಲ, ಅಂದಗೊಳಿಸುವುದಲ್ಲ. ಕೊಟ್ಟಂತೆಯೇ ಹಿಂದಕ್ಕೆ ಕೊಡುವುದು. ಕಳ್ಳ ಒಯ್ದನೆಂದೋ ಬೆಂಕಿ ಬಿತ್ತೆಂದೋ ಹೇಳಬಹುದು. ಆದರೆ ಒಂಬತ್ತು ವರ್ಷ ಬೀರುವನ್ನು ತೆರೆಯದೆ ಇದ್ದುದಕ್ಕೆ ಯಾವ ಕಳ್ಳನನ್ನು ಹೊಣೆ ಮಾಡಲಿ?

2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಂಸ್ಥೆಯ ಕೆಲಸಗಾರನೊಬ್ಬ ಆಯಾಸದಲ್ಲಿ ತಪ್ಪು ಯಂತ್ರದ ಮೇಲೆ ಅಳಿಸುವ ಆಜ್ಞೆ ಕೊಟ್ಟುಬಿಟ್ಟ. ಬ್ಯಾಕಪ್‌ಗಳಿವೆಯಲ್ಲ ಎಂದು ನೋಡಿದರೆ, ನಡೆಯುತ್ತಿವೆ ಎಂದು ನಂಬಿದ್ದ ಏರ್ಪಾಡುಗಳು ಒಂದಾದಮೇಲೊಂದು ಕೈಕೊಟ್ಟವು. ಆರು ಗಂಟೆ ಹಿಂದೆ ಬೇರೆ ಉದ್ದೇಶಕ್ಕೆ ತೆಗೆದಿಟ್ಟಿದ್ದ ಪ್ರತಿಯೊಂದು ಅವರ ಪುಣ್ಯಕ್ಕೆ ಉಳಿದಿತ್ತು. ಆ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ನಷ್ಟವಲ್ಲ. ತಮ್ಮ ತಪ್ಪನ್ನೂ ಹುಡುಕಾಟವನ್ನೂ ಅವರು ಆಗಿಂದಾಗಲೇ ಎಲ್ಲರೂ ನೋಡುವಂತೆ ಬರೆದು ತೋರಿಸುತ್ತ ಹೋದರು. ಕಳೆದುಹೋದ ಆರು ಗಂಟೆಗಳ ಕೆಲಸವನ್ನು ಕಳೆದುಹೋಯಿತೆಂದೇ ಹೇಳಿದರು.

ಮುಂದಿನ ಭಾನುವಾರ ನಾನು ಅಮ್ಮನವರ ಮನೆಗೆ ಹೋದೆ. ಕಾಫಿ ಕೊಟ್ಟರು. ಒಂಬತ್ತು ವರ್ಷದ ಅಲಕ್ಷ್ಯದಿಂದ ಹಿಡಿದು ಗುಂಡಿ ಒತ್ತಿದವರೆಗೆ ಎಲ್ಲವನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅವರಿದ್ದಿದ್ರೆ ನಿನ್ನ ಬೈತಿದ್ರು" ಎಂದರು. ಅದು ನಿಜ. "ಹಾಗಾದ್ರೆ ಆ ಜಾಗದಲ್ಲಿ ಏನು ಹಾಕ್ತೀಯ?" ಎಂದು ಕೇಳಿದರು. ಬಿಟ್ಟ ಜಾಗವನ್ನು ಚುಕ್ಕಿಗಳಿಂದ ತೋರಿಸೋಣವೆಂದಿದ್ದೇನೆ ಎಂದೆ. ಅಮ್ಮ ತಲೆಯಾಡಿಸಿದರು. "ಚುಕ್ಕಿ ಬೇಡಪ್ಪ. ಚುಕ್ಕಿ ಅವರದು. ಯಾರನ್ನ ಕೇಳಿದ್ರೂ ಅರ್ಥ ಹತ್ತದೆ ಇದ್ದ ಕಡೆ ಅವರು ಚುಕ್ಕಿ ಇಡ್ತಿದ್ರು. ಅವರಿಗೆ ಗೊತ್ತಿಲ್ದೆ ಇದ್ದಿದ್ದು ಬೇರೆ, ನಿನ್ನ ಕೈಲಿ ಹೋಗಿದ್ದು ಬೇರೆ."

ಗ್ರಂಥಸಂಪಾದನೆಯ ಪಾಠವನ್ನು ಇಪ್ಪತ್ತು ವರ್ಷ ಹೇಳಿದವನಿಗೆ ಈ ಭೇದ ಹೊಳೆದಿರಲಿಲ್ಲ. ಶಾಸನ ಸಂಪುಟಗಳಲ್ಲಿ ಅಳಿಸಿಹೋದ ಅಕ್ಷರಗಳ ಜಾಗದಲ್ಲಿ ಚುಕ್ಕಿ ಕಾಣುವ ಅಭ್ಯಾಸದಿಂದ ನಾನೂ ಚುಕ್ಕಿ ಇಡಹೊರಟಿದ್ದೆ. ಇಟ್ಟಿದ್ದರೆ ನನ್ನ ನಷ್ಟವೆಲ್ಲ ಮೇಷ್ಟ್ರ ಅಜ್ಞಾನದ ಲೆಕ್ಕಕ್ಕೆ ಸೇರುತ್ತಿತ್ತು. ಊಹೆಯಿಂದ ತುಂಬಿದ್ದರೆ ನನ್ನ ಮಾತು ಯಾವುದೋ ಊರಿನ, ಎಂದೋ ತೀರಿಕೊಂಡ ಅಜ್ಜಿಯೊಬ್ಬಳ ಬಾಯಿಗೆ ಸೇರುತ್ತಿತ್ತು. ಆಕೆ 'ಮೇಟಿ'ಗೆ ಏನು ಹೇಳಿದ್ದಳೋ! ನನಗೆ ಗೊತ್ತಿರುವ ಅರ್ಥವನ್ನೇ ಹೇಳಿದ್ದರೆ ಮೇಷ್ಟ್ರು ಅದಕ್ಕಾಗಿ ಆ ಊರಿಗೆ ನಡೆದುಹೋಗಬೇಕಾಗಿರಲಿಲ್ಲ. ಚುಕ್ಕಿ ಇರುವ ಜಾಗ ತಿಳಿಯದ್ದು, ಕಂಸವಿರುವ ಜಾಗ ಕಳೆದದ್ದು. ಎರಡನ್ನೂ ಬೇರೆಬೇರೆಯಾಗಿ ಒಪ್ಪಿಕೊಳ್ಳುವುದೇ ಪ್ರತಿ ಮಾಡುವವನ ಪ್ರಾಮಾಣಿಕತೆ.

ಪೊನ್ನನ ಶಾಂತಿಪುರಾಣಕ್ಕೆ ಅತ್ತಿಮಬ್ಬೆ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂಬ ಪ್ರತೀತಿಯನ್ನು ನಾವು ದಾನದ ಕಥೆಯಾಗಿ ಓದುತ್ತೇವೆ. ಅದು ಜ್ಞಾನದ ಕಾವಲಿನ ಕಥೆಯೂ ಹೌದು. ಒಂದೇ ಪ್ರತಿ ಎಂದರೆ ಇಲ್ಲದ ಪ್ರತಿ ಎಂದು ಆಕೆಗೆ ತಿಳಿದಿರಬೇಕು. ಈಗಿನವರು ಸಾವಿರ ಕೇಳುವುದಿಲ್ಲ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ ಎನ್ನುತ್ತಾರೆ. ಅದನ್ನು ಮಾಡಿದ್ದೇನೆ. ಆದರೆ ಇಟ್ಟದ್ದನ್ನು ತೆರೆದು ನೋಡದಿದ್ದರೆ ಮೂರಿದ್ದೂ ಫಲವಿಲ್ಲ. ಆಯುಧಪೂಜೆಯ ದಿನ ಕಂಪ್ಯೂಟರಿಗೆ ಕುಂಕುಮ ಹಚ್ಚುವುದಕ್ಕೆ ಮೊದಲು ಮೂರು ಪ್ರತಿಗಳನ್ನೂ ತೆರೆದು, ಮುದ್ರೆಗಳನ್ನು ತಾಳೆ ನೋಡುವ ಪದ್ಧತಿ ಇಟ್ಟುಕೊಂಡಿದ್ದೇನೆ. ನಮ್ಮ ಮನೆಯವರು ಇದನ್ನು ಹೊಸ ಮಡಿ ಎಂದು ನಗುತ್ತಾರೆ.

ಕೋಶ ಈಗ ಅಚ್ಚಿನಲ್ಲಿದೆ. ಕರಡಚ್ಚು ತಿದ್ದುವ ಹುಡುಗಿ ಮೊನ್ನೆ ಫೋನು ಮಾಡಿ, ಮಕಾರದಲ್ಲಿ ನಲವತ್ತೊಂದು ಕಡೆ ಖಾಲಿ ಕಂಸಗಳು ಬಂದಿವೆ, ತೆಗೆದುಬಿಡಲೆ ಎಂದು ಕೇಳಿದಳು. ಬೇಡವಮ್ಮ, ಅವು ನನ್ನವು ಎಂದೆ.